ಹಗೇವಿನ ಬಾಯಿ ಯಾರದು

ಹೊಸದಾಗಿ ಕರಿ ಕೋಟು ಹೊಲಿಸಿಕೊಂಡ ಹುಡುಗರು ಆಗಾಗ ನಮ್ಮ ಮನೆಗೆ ಬಂದು ಕೂಡುತ್ತಾರೆ. ಸಂಸ್ಥಾನದ ಕಾಲದಲ್ಲಿ ವಕೀಲಿ ಹೇಗಿತ್ತು ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಕೊಲೆಯ ಕೇಸು, ಮೇಜು ಗುದ್ದಿ ವಾದಿಸಿದ ಕಥೆ. ನನ್ನ ಹತ್ತಿರ ಅಂಥದ್ದು ಒಂದೂ ಇಲ್ಲ. ನಾನು ಆಯುಷ್ಯವನ್ನೆಲ್ಲ ಖರೀದಿಪತ್ರ, ಆಸ್ತಿ ಹಂಚಿಕೆಯ ವಾಟಣಿಪತ್ರ, ವ್ಯಾಪಾರದ ಭಾಗೀದಾರಿಕೆ, ಗೋಡೆಯ ತಂಟೆ, ಗಟಾರದ ತಂಟೆಗಳಲ್ಲಿಯೇ ಕಳೆದವನು. ಪಾಪ, ಚಹಾ ಕುಡಿದು ಸಪ್ಪೆ ಮುಖ ಮಾಡಿಕೊಂಡು ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋದವರಿಗಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ.

ನಮ್ಮ ಕಚೇರಿ ಸಾಂಗಲಿಯ ಪೇಟೆಯಲ್ಲಿ, ಬೆಲ್ಲದ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಇತ್ತು. ಏಣಿಯಂಥ ಕಟ್ಟಿಗೆಯ ಮೆಟ್ಟಿಲು. ಹತ್ತಿ ಬಂದ ಕಕ್ಷಿದಾರನಿಗೆ ಮೊದಲು ಉಸಿರು ಸುಧಾರಿಸಿಕೊಳ್ಳಲು ಹೊತ್ತು ಕೊಡಬೇಕು, ಆಮೇಲೆ ಮಾತು. ಬೆಲ್ಲದ ವಾಸನೆಗೆ ಬಂದ ಕಣಜದ ಹುಳುಗಳು ಕಾನೂನಿನ ಪುಸ್ತಕಗಳ ಮೇಲೆಯೂ ಓಡಾಡುತ್ತಿದ್ದವು. ಆ ಮಾಳಿಗೆಯ ಒಡೆಯರು ನಮ್ಮ ಹಿರಿಯ ವಕೀಲರಾದ ಅಣ್ಣಾಸಾಹೇಬರು. ಬೇಡಗದ ಒಕ್ಕಲು ಮನೆಯಲ್ಲಿ ಹುಟ್ಟಿದ, ಕನ್ನಡ ಮನೆಮಾತಿನ ಜೈನರು. ನಾನು ಮಾಲಗಾಂವದವನು. ಅವರಲ್ಲಿ ಕಾರಕೂನನಾಗಿ ಸೇರಿ, ಅವರ ಒತ್ತಾಯದಿಂದಲೇ ಪರೀಕ್ಷೆ ಕೊಟ್ಟು, ಸಂಸ್ಥಾನದ ಸನದು ಪಡೆದು, ಅವರ ಕೈಕೆಳಗಿನ ವಕೀಲನಾದೆ. ನನಗೆ ಬಂದ ವಿದ್ಯೆಯಲ್ಲಿ ಪುಸ್ತಕದ್ದು ಸ್ವಲ್ಪ, ಉಳಿದದ್ದೆಲ್ಲ ಅವರದು.

ಆಗ ಸಾಂಗಲಿ ಒಂದು ಸಂಸ್ಥಾನ, ಮಿರಜು ಇನ್ನೊಂದು. ಸಾಂಗಲಿಯಲ್ಲಿ ಟಾಂಗಾ ಹತ್ತಿ ಎಲೆ ಅಡಿಕೆ ಹಾಕಿಕೊಂಡರೆ, ಅದನ್ನು ಉಗುಳುವಷ್ಟರಲ್ಲಿ ರಾಜ್ಯವೇ ಬದಲಾಗಿರುತ್ತಿತ್ತು. ಅಲ್ಲಿಯ ಕೋರ್ಟು ಬೇರೆ, ಇಲ್ಲಿಯದು ಬೇರೆ. ಪತ್ರ ಬರೆಯುವ ಮುದ್ರೆಯ ಕಾಗದವೂ ಬೇರೆ. ಅಣ್ಣಾಸಾಹೇಬರ ಮೊಳೆಗೆ ಎರಡು ಚೀಲ ತೂಗುತ್ತಿದ್ದವು, ಒಂದು ಸಾಂಗಲಿಯದು, ಒಂದು ಮಿರಜಿನದು. ಒಂದರ ಕಾಗದ ಇನ್ನೊಂದಕ್ಕೆ ಹೋದರೆ ಮನೆಯಲ್ಲಿ ಸೂತಕ ಬಂದಂತೆ ಮಾಡುತ್ತಿದ್ದರು. ಒಮ್ಮೆ ಅರಿವೆ ವ್ಯಾಪಾರಿಯೊಬ್ಬರು ಮಿರಜಿನಲ್ಲಿ ಅಂಗಡಿ ಕೊಂಡು, ಬೇರೆ ಯಾರ ಕಡೆಯಿಂದಲೋ ಪತ್ರ ಬರೆಸಿ, ತೋರಿಸಲು ತಂದಿದ್ದರು. ಬರೆದದ್ದು ಸಾಂಗಲಿಯ ಮುದ್ರೆಯ ಕಾಗದದ ಮೇಲೆ. ಅಣ್ಣಾಸಾಹೇಬರು ಪೂರ್ತಿ ಓದಿ, ಮಡಚಿ, ಎರಡೂ ಕೈಯಿಂದ ಮರಳಿ ಕೊಟ್ಟರು.

"ಅಕ್ಷರ ಭಾಳ ಚೆಂದ ಅದಾವ್ರಿ. ಚೌಕಟ್ಟು ಹಾಕಿ ಗ್ವಾಡಿಗೆ ತೂಗಹಾಕ್ರಿ. ಅಂಗಡಿ ಮಾತ್ರ ಇದರಲೆ ನಿಮಗ ಬರಂಗಿಲ್ಲ."

ಅವರು ಕಕ್ಷಿದಾರರನ್ನು ಹೀಗೆ ಕಾಡಿಸುತ್ತಿದ್ದರು, ಆದರೆ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಆ ವ್ಯಾಪಾರಿಯನ್ನು ಅವರು ಬಂದ ಟಾಂಗಾದಲ್ಲಿಯೇ ಮಿರಜಿಗೆ ಕರೆದುಕೊಂಡು ಹೋಗಿ ಹೊಸ ಪತ್ರ ಮಾಡಿಸಿ ಬಂದರು.

ಅವರದೊಂದು ಪದ್ಧತಿ ಇತ್ತು. ಪತ್ರಗಳೆಲ್ಲ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಹೆಬ್ಬೆಟ್ಟು ಒತ್ತುವವರಲ್ಲಿ ಎಷ್ಟೋ ಜನ ಕನ್ನಡ ಮನೆಯವರು. ಅಣ್ಣಾಸಾಹೇಬರು ಪತ್ರವನ್ನು ಮೊದಲು ಮರಾಠಿಯಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಿ, ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. "ಈಗ ನೀವು ಹೇಳ್ರಿ, ನಾ ಕೇಳ್ತೇನಿ," ಅನ್ನುತ್ತಿದ್ದರು. ಕೊಡುವವರು ಏನು ಕೊಡುತ್ತೇವೆ, ಕೊಳ್ಳುವವರು ಏನು ಕೊಳ್ಳುತ್ತೇವೆ ಎಂಬುದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳುವಾಗ ತಡವರಿಸಿದರೆ ಆ ದಿನ ರುಜು ಇಲ್ಲ. ಬೇರೆ ವಕೀಲರು ಇದನ್ನು ಶಾಲೆಯ ಒಪ್ಪಿಸುವಿಕೆ ಎಂದು ನಗುತ್ತಿದ್ದರು. ಅವರು ಮೂರು ಪತ್ರ ಮುಗಿಸುವ ಹೊತ್ತಿಗೆ ನಮ್ಮದು ಒಂದು ಮುಗಿಯುತ್ತಿತ್ತು ಎಂಬುದೂ ನಿಜ.

ಬೆಲ್ಲದ ವ್ಯಾಪಾರ ಜೊತೆಯಲ್ಲಿ ಮಾಡಬೇಕೆಂದು ಭಾವ ಮೈದುನರಿಬ್ಬರು ಬಂದದ್ದು ನೆನಪಿದೆ. ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಅಣ್ಣಾಸಾಹೇಬರು ಕೇಳಿದರು: "ಜಗಳ ಆತಂದ್ರ ಅಂಗಡಿ ಹೆಸರು ಯಾರಿಗೆ?"

"ನಮ್ಮೊಳಗ ಜಗಳ ಯಾಕ ಆಗ್ತೈತ್ರಿ?" ಎಂದ ಭಾವ.

"ಆಗಂಗೇ ಇಲ್ಲಂದ್ರ ನನ್ನ ಕಡೆ ಯಾಕ ಬಂದ್ರಿ? ಮನ್ಯಾಗ ಕುಂತು ಉಂಡು ಏಳಬೇಕಾಗಿತ್ತು."

ಅಂಗಡಿಯ ಹೆಸರು ತನಗೆ ಎಂದು ಭಾವ ಹೇಳಿದ. ಮೈದುನ ಹೆಗಲ ಮೇಲಿನ ಕೈ ತೆಗೆದ. ಮೆಟ್ಟಿಲು ಇಳಿಯುವಷ್ಟರಲ್ಲಿ ಕೆಳಗಿನ ಅಂಗಡಿಯ ಹಮಾಲರೆಲ್ಲ ಚೀಲ ಇಳಿಸಿ ಅವರ ಜಗಳ ಕೇಳುತ್ತ ನಿಂತಿದ್ದರು. ಕಕ್ಷಿದಾರರು ಹೋದರಲ್ಲ ಎಂದು ನಾನು ಪೇಚಾಡಿದೆ. "ನಮ್ಮ ಮೆಟ್ಟಲದ ಮ್ಯಾಲ ಆದ ಜಗಳ ಸೋವಿ ಜಗಳ, ಬಾಳಪ್ಪಾ. ಕೋರ್ಟಿನ್ಯಾಗ ಆದದ್ದು ತುಟ್ಟಿ," ಎಂದರು. ಕೆಲವು ದಿನ ಬಿಟ್ಟು ಅವರಿಬ್ಬರೂ ಎಲ್ಲ ಮಾತಾಡಿ ಮುಗಿಸಿಕೊಂಡು ಬಂದರು. ಅವರ ಅಂಗಡಿ ಬಹಳ ಕಾಲ ನಡೆಯಿತು.

ಇಷ್ಟು ಎಚ್ಚರದ ಮನುಷ್ಯರ ಕೈಯಿಂದಲೂ ಒಂದು ಪತ್ರ ತಪ್ಪಿತು. ನಾನು ನಿಜವಾಗಿ ಹೇಳಬೇಕೆಂದು ಕುಳಿತದ್ದು ಅದರ ಸಂಗತಿ.

ಹರಿಪುರದಲ್ಲಿ, ಊರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಗಂಗಾಮಾವಶಿ ಎಂಬ ಹಿರಿಯರಿದ್ದರು. ಕನ್ನಡ ಮೂಲದ ಶಿವಭಕ್ತ ವ್ಯಾಪಾರಿ ಮನೆತನ. ಗಂಡ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಒಂದು ಮನೆ, ಮಗ್ಗುಲಲ್ಲಿ ಒಂದು ಬಯಲು, ಆ ಬಯಲಿನ ಕೆಳಗೆ ಅರಿಸಿನದ ಹಗೇವುಗಳು. ಹಗೇವು ಎಂದರೆ ನೆಲದೊಳಗೆ ಅಗೆದು ಮಾಡಿದ ಉಗ್ರಾಣ. ಮರಾಠಿಯಲ್ಲಿ ಪೇವ ಅನ್ನುತ್ತಾರೆ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಕೆಳಗೆ ದೊಡ್ಡ ಹೊಟ್ಟೆ. ಕೃಷ್ಣೆ, ವಾರಣೆ ಎರಡೂ ಅಲ್ಲೇ ಕೂಡುತ್ತವೆ. ಆದರೂ ಆ ಮಣ್ಣಿನ ಗುಣ ಏನೋ, ಒಳಗೆ ಇಟ್ಟ ಅರಿಸಿನಕ್ಕೆ ಹುಳು ಹತ್ತುವುದಿಲ್ಲ, ಬಣ್ಣ ಇಳಿಯುವುದಿಲ್ಲ. ಸಾಂಗಲಿ, ಮಿರಜಿನ ವ್ಯಾಪಾರಿಗಳು ತಮ್ಮ ಅರಿಸಿನವನ್ನು ಮಾವಶಿಯ ಹಗೇವುಗಳಲ್ಲಿ ತುಂಬಿಸಿ, ಬಾಯಿ ಮುಚ್ಚಿಸಿ ಹೋಗುತ್ತಿದ್ದರು. ಅದರ ಬಾಡಿಗೆಯ ಮೇಲೆ ಮಾವಶಿಯ ಸಂಸಾರ ನಡೆಯುತ್ತಿತ್ತು.

ಮೇಲಿನ ಬಯಲನ್ನು ಮಾತ್ರ ಮಾವಶಿ ನೆರೆಮನೆಯ ರಾಮಭಾವು ಎಂಬ ರೈತನಿಗೆ ಮಾರಿದರು. ಅವನಿಗೆ ಎತ್ತು ಕಟ್ಟಲು, ಬಂಡಿ ಬಿಡಲು ಜಾಗ ಬೇಕಾಗಿತ್ತು. ಮೇಲಿನ ನೆಲ ಒಬ್ಬರದು, ಕೆಳಗಿನ ಹಗೇವು ಇನ್ನೊಬ್ಬರದು ಎಂದರೆ ಹರಿಪುರದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅಣ್ಣಾಸಾಹೇಬರು ಬೇಡಗದವರು. ಅವರ ಕಡೆ ಜೋಳದ ಹಗೇವು ಮನೆಯ ಅಂಗಳದಲ್ಲೇ ಇರುತ್ತದೆ, ಮನೆ ಯಾರದೋ ಅವರದೇ ಹಗೇವು. ಹಗೇವನ್ನು ನೆಲದಿಂದ ಬೇರೆ ಮಾಡಿ ಯೋಚಿಸುವ ರೂಢಿ ಅವರಿಗೆ ಇರಲಿಲ್ಲ. ಪತ್ರವನ್ನು ಅವರೇ ಬರೆದರು, ಓದಿದರು, ಇಬ್ಬರಿಂದಲೂ ತಿರುಗಿ ಹೇಳಿಸಿದರು. ಇಬ್ಬರೂ ಬಯಲು ಎಂದರು. ಹಗೇವು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಆ ದಿನ ನಾನು ಕಚೇರಿಯಲ್ಲಿ ಇರಲಿಲ್ಲ, ಮಿರಜಿನ ಕೋರ್ಟಿಗೆ ಮುಂದಾಗಿ ಹೋಗಿದ್ದೆ.

ಕೆಲವು ಹಂಗಾಮು ಹೀಗೆಯೇ ನಡೆಯಿತು. ರಾಮಭಾವು ತೀರಿಕೊಂಡ. ಅವನ ಮಗ ಸದಾಶಿವ ಬಯಲಿನಲ್ಲಿ ಮನೆ ಕಟ್ಟಬೇಕೆಂದು ಹಳೆಯ ಪತ್ರವನ್ನು ಯಾರಿಗೋ ಓದಲು ಕೊಟ್ಟ. ಅದರ ಕೊನೆಯಲ್ಲಿ ಎಲ್ಲ ಖರೀದಿಪತ್ರಗಳಲ್ಲಿಯೂ ಬರುವ ಒಂದು ಸಾಲು ಇತ್ತು: ಜಲ, ತರು, ತೃಣ, ಕಾಷ್ಠ, ಪಾಷಾಣ, ನಿಧಿ, ನಿಕ್ಷೇಪ ಸಹಿತ. ನೀರು, ಗಿಡ, ಹುಲ್ಲು, ಕಟ್ಟಿಗೆ, ಕಲ್ಲು, ನೆಲದಲ್ಲಿ ಹುಗಿದಿಟ್ಟದ್ದು, ಎಲ್ಲವನ್ನೂ ಸೇರಿಸಿ ಕೊಟ್ಟೆ ಎಂದು ಅದರ ಅರ್ಥ. ಬರೆಯುವವರು ಅದನ್ನು ಯೋಚಿಸದೆ ಬರೆಯುತ್ತಾರೆ, ಕೇಳುವವರು ಮಂತ್ರದಂತೆ ಕೇಳುತ್ತಾರೆ. ಆ ಸಾಲಿನ ಬಲದ ಮೇಲೆ ಸದಾಶಿವ ಹಗೇವುಗಳ ಬಾಯಿಯ ಮೇಲೆ ಕಲ್ಲು ಹೇರಿ, ಇವೂ ನನ್ನವು ಎಂದ.

ಗಂಗಾಮಾವಶಿ ನಮ್ಮ ಮೆಟ್ಟಿಲು ಹತ್ತಿ ಬಂದರು. ಉಸಿರು ಸುಧಾರಿಸಿಕೊಳ್ಳಲೂ ಇಲ್ಲ.

"ಬರ್ರಿ ಮಾವಶಿ, ಕುಂದ್ರಿ," ಎಂದರು ಅಣ್ಣಾಸಾಹೇಬರು.

"ಕುಂದ್ರಾಕ ಬಂದಿಲ್ರಿ ಸಾಹೇಬ್ರ. ಸದಾಶಿವ ಹಗೇವಿನ ಮ್ಯಾಲ ಕಲ್ಲ ಹೇರ್ಯಾನ. ಒಳಗ ಮಿರಜಿ ಸಾವಕಾರರ ಅರಿಷಿಣ ಐತಿ. ಮಂದಿ ಮಾಲು. ನನ್ನ ನಂಬಿ ಇಟ್ಟು ಹೋಗ್ಯಾರ. ನಾಳೆ ಬಂದು ಬಾಯಿ ತಗೀ ಅಂದ್ರ ನಾ ಏನ್ ಹೇಳ್ಲಿ?"

ಅಣ್ಣಾಸಾಹೇಬರು ಪತ್ರದ ನಕಲು ತರಿಸಿ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ಮತ್ತೆ ಓದಿದರು. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ನಾನು ಅವರ ಮುಖ ಹಾಗೆ ಬಾಡಿದ್ದನ್ನು ಅದಕ್ಕೂ ಮೊದಲು ಕಂಡಿರಲಿಲ್ಲ.

"ಮಾವಶಿ, ಇದು ಸದಾಶಿವನ ತಪ್ಪಲ್ಲ. ಇದು ನಾ ಬರದದ್ದು. ಹಗೇವು ಬಿಟ್ಟು ಅಂತ ಬರೀಬೇಕಾಗಿತ್ತು, ಬರದಿಲ್ಲ. ಆವತ್ತು ನೀವರೆ ಯಾಕ ಹೇಳಲಿಲ್ಲ?"

ಮಾವಶಿ ಸೆರಗು ಸರಿಮಾಡಿಕೊಂಡರು. "ತುಂಬಿದ ಹಗೇವಿನ ಹೆಸರ ಎತ್ತಬಾರದು ಅಂತ ನಮ್ಮ ಮನಿ ರೂಢಿ ಐತ್ರಿ. ಮುಚ್ಚಿದ್ದನ್ನ ಬಾಯಿಲೆ ಆಡಿದ್ರ ಮಾಲಿಗೆ ದೃಷ್ಟಿ ಆಗ್ತೈತಿ ಅಂತ ನಮ್ಮತ್ತಿ ಕಲಿಸಿದ್ರು. ಆವತ್ತು ಮೆಟ್ಟಲ ಇಳಿವಾಗ ರಾಮಭಾವು ಬಾಯಿ ತಗದಾ, ನಾನ ಸುಮ್ಮನಿರು ಅಂದೆ."

ಅಣ್ಣಾಸಾಹೇಬರಿಗೆ ಅದು ನೆನಪಾಯಿತು. ಸಾಕ್ಷಿದಾರರು ರುಜು ಹಾಕಿ ಆಗಲೇ ಹೋಗಿದ್ದರಂತೆ. ರಾಮಭಾವು ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟುತ್ತ, ನೀವು ಹಗೇವು ತೆಗೆಯುವ ದಿನ ನನ್ನ ಎತ್ತುಗಳನ್ನು ಹುಣಸೆ ಮರದ ಕೆಳಗೆ ಕಟ್ಟುತ್ತೇನೆ, ಮಾವಶಿ, ಅಂದಿದ್ದ. ಮಾವಶಿ ತುಟಿಯ ಮೇಲೆ ಬೆರಳಿಟ್ಟಿದ್ದರು. ಅಣ್ಣಾಸಾಹೇಬರು ಅದನ್ನು ಕಂಡಿದ್ದರು, ಕೇಳಿದ್ದರು. ಕೆಳಗೆ ಮಿರಜಿನ ಟಾಂಗಾ ಕಾಯುತ್ತಿತ್ತು. ಬೇರೆ ಯಾವುದೋ ಹಗೇವಿನ ಮಾತಿರಬೇಕು ಎಂದುಕೊಂಡು ಚೀಲ ಹೆಗಲಿಗೆ ಹಾಕಿದ್ದರು.

ಮಾವಶಿ ಹೋದ ಮೇಲೆ ನಾನು ನನ್ನ ಜಾಣತನ ತೋರಿಸಲು ಹೋದೆ. ನಿಧಿ ನಿಕ್ಷೇಪ ಎಂದರೆ ಬಂಗಾರ, ನಾಣ್ಯ, ಹಗೇವು ಅದರಲ್ಲಿ ಬರುವುದಿಲ್ಲ ಎಂದು ವಾದಿಸೋಣ ಎಂದೆ.

"ವಾದ ಮಾಡಬಹುದು. ಗೆದ್ರ ಗೆದ್ದಿವಿ, ಸೋತ್ರ ಸೋತಿವಿ," ಎಂದರು. "ಆದರ ರಾಮಭಾವುನ ಮನಸಿನ್ಯಾಗ ಏನಿತ್ತು ಅಂಬೂದನ್ನ ಹೊರಗಿನವರೊಳಗ ಕೇಳಿದಾವ ನಾ ಒಬ್ಬಾವ. ನಾ ವಕೀಲ ಆಗಿ ನಿಂತ್ರ ಅದನ್ನ ಹೇಳಾಕ ಬರಂಗಿಲ್ಲ. ಸಾಕ್ಷಿ ಆಗಿ ನಿಲ್ಲತೇನಿ. ಕೇಸು ನೀ ನಡಸು."

ಇಲ್ಲಿ ಕಾನೂನಿನ ಒಂದು ಮಾತು ಹೇಳಬೇಕು. ಬರೆದುಕೊಟ್ಟ ಪತ್ರವನ್ನು ಆಮೇಲೆ ಬಾಯಿಮಾತಿನಿಂದ ಬದಲಿಸಲು ಬರುವುದಿಲ್ಲ. ಆದರೆ ಕೊಟ್ಟವರು, ಕೊಂಡವರು ಇಬ್ಬರ ಮನಸ್ಸಿನಲ್ಲೂ ಒಂದಿದ್ದು, ಕಾಗದದ ಮೇಲೆ ಇನ್ನೊಂದು ಬಿದ್ದಿದ್ದರೆ, ಪತ್ರ ತಿದ್ದಿಕೊಡಿ ಎಂದು ಕೋರ್ಟಿಗೆ ಹೋಗಬಹುದು. ಅದನ್ನು ತೋರಿಸಿಕೊಡುವ ಭಾರ ಕೇಳಿದವರ ಮೇಲೆ. ನಾವು ತೋರಿಸದಿದ್ದರೆ ಹಗೇವುಗಳೂ ಹೋದವು, ಮಾವಶಿಯ ಮಾತೂ ಹೋಯಿತು.

ಸುದ್ದಿ ಪೇಟೆಯಲ್ಲಿ ಹಬ್ಬಿತು. ಇಬ್ಬರು ಹಿರಿಯ ವಕೀಲರು ಮಾಳಿಗೆ ಹತ್ತಿ ಬಂದು ಬುದ್ಧಿ ಹೇಳಿದರು. ನೀವೇ ಹೋಗಿ ನನ್ನ ಪತ್ರದಲ್ಲಿ ತೂತಿದೆ ಎಂದರೆ ನಾಳೆ ನಿಮ್ಮಲ್ಲಿ ಪತ್ರ ಬರೆಸಲು ಯಾರು ಬರುತ್ತಾರೆ ಎಂದರು. ಅಣ್ಣಾಸಾಹೇಬರು ಅವರಿಗೆ ಚಹಾ ಕುಡಿಸಿ ಕಳಿಸಿದರು.

ಸಾಕ್ಷಿಯ ದಿನ ಬಂತು. ಅವರು ಕೋಟನ್ನು ಬಿಚ್ಚಿ ನನ್ನ ಕುರ್ಚಿಯ ಬೆನ್ನಿಗೆ ಹಾಕಿ, ಧೋತರ, ಅಂಗಿ, ರುಮಾಲಿನಲ್ಲಿ ಕಟಕಟೆ ಹತ್ತಿದರು. ನನಗೆ ಪ್ರಶ್ನೆ ಕೇಳುವುದನ್ನು ಕಲಿಸಿದವರನ್ನೇ ನಾನು ಪ್ರಶ್ನೆ ಕೇಳಬೇಕಾಗಿತ್ತು. ಕೋರ್ಟಿನ ಮಾತು ಮರಾಠಿ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ಈ ಪತ್ರ ಬರೆದವರು ಯಾರು ಎಂದೆ. ನಾನು ಎಂದರು. ಇದರಲ್ಲಿ ತಪ್ಪಿದೆಯೇ ಎಂದೆ. ಇದೆ, ಅದು ನನ್ನದು ಎಂದರು. ಮೆಟ್ಟಿಲ ಮೇಲಿನ ಮಾತನ್ನು ಇದ್ದದ್ದು ಇದ್ದಂತೆ ಹೇಳಿದರು.

ಎದುರಿನ ವಕೀಲರು ಎದ್ದರು. ಅವರೂ ಅಣ್ಣಾಸಾಹೇಬರನ್ನು ಗೌರವಿಸುವವರೇ, ಆದರೆ ಅವರ ಕೆಲಸ ಅವರು ಮಾಡಬೇಕಲ್ಲ.

"ಆ ಮಾತು ಕಿವಿಗೆ ಬಿದ್ದ ಮೇಲೂ ನೀವು ಯಾಕೆ ಬರೆಯಲಿಲ್ಲ?"

"ಅವಸರದಲ್ಲಿದ್ದೆ. ಬೇರೆ ಹಗೇವು ಇರಬೇಕು ಎಂದುಕೊಂಡೆ."

"ಈ ಸಾಲು ನೀವು ಬರೆದ ಎಲ್ಲ ಪತ್ರಗಳಲ್ಲಿಯೂ ಇದೆಯೇ?"

"ಇದೆ."

"ಹಾಗಾದರೆ ಅವೆಲ್ಲದರಲ್ಲಿಯೂ ತಪ್ಪಿರಬಹುದು?"

"ಇರಬಹುದು. ಯಾರಿಗಾದರೂ ಅದರಿಂದ ಹಾನಿಯಾಗಿದ್ದರೆ ನನಗೆ ತಿಳಿಸಲಿ. ಅವರಿಗಾಗಿಯೂ ಬಂದು ಇಲ್ಲಿ ನಿಲ್ಲುತ್ತೇನೆ."

ಎದುರಿನ ವಕೀಲರು ಕಾಗದ ಮಡಚಿ ಕುಳಿತರು. ನ್ಯಾಯಾಧೀಶರು ಬರೆಯುತ್ತಿದ್ದ ಲೇಖಣಿ ಇಟ್ಟು ಅಣ್ಣಾಸಾಹೇಬರನ್ನು ನೋಡಿದರು. ನನಗಂತೂ ಹೆಮ್ಮೆಯಿಂದ ಕಣ್ಣಲ್ಲಿ ನೀರು ಬಂತು. ಕೋರ್ಟಿನಲ್ಲಿ ಅಳುವ ವಕೀಲ ಯಾರಿಗೂ ಉಪಯೋಗವಿಲ್ಲ ಎಂದು ಕಾಗದ ಹುಡುಕುವವನಂತೆ ತಲೆ ಬಗ್ಗಿಸಿಕೊಂಡೆ.

ಆಮೇಲೆ ಸದಾಶಿವ ಕಟಕಟೆ ಹತ್ತಿದ. ಹಗೇವು ತನ್ನವೇ ಎಂದು ಗಟ್ಟಿಯಾಗಿ ಹೇಳಿದ. ನಾನು ಎದ್ದು ಎತ್ತುಗಳ ಮಾತನ್ನೇ ಹಿಡಿದೆ. ಅವನು ಆಣೆ ಮಾಡಿ ನಿಂತವನು, ಅವನ ಎದುರಿಗೇ ಬೆಂಚಿನ ಮೇಲೆ ಅಣ್ಣಾಸಾಹೇಬರು ಕೋಟಿಲ್ಲದೆ ಕುಳಿತಿದ್ದರು.

"ನಿಮ್ಮ ತಂದೆ ಬದುಕಿದ್ದಾಗ ಮಾವಶಿ ಹಗೇವು ತೆಗೆಸುತ್ತಿದ್ದರೇ?"

"ತೆಗೆಸುತ್ತಿದ್ದರು."

"ಆ ದಿನ ನಿಮ್ಮ ಎತ್ತುಗಳು ಎಲ್ಲಿರುತ್ತಿದ್ದವು?"

ಸದಾಶಿವ ತನ್ನ ವಕೀಲರ ಕಡೆ ನೋಡಿದ. ಅಣ್ಣಾಸಾಹೇಬರ ಕಡೆ ನೋಡಿದ. "ಹುಣಸೆ ಮರದ ಕೆಳಗೆ," ಎಂದ.

"ಅಲ್ಲಿ ಕಟ್ಟುತ್ತಿದ್ದವರು ಯಾರು?"

"ನಾನೇ. ಮಾವಶಿ ಅವರ ಹಗೇವು ತೆಗೆಯುತ್ತಾರೆ, ಎತ್ತು ಆಚೆ ಕಟ್ಟು ಎಂದು ಅಪ್ಪ ಹೇಳುತ್ತಿದ್ದರು."

ಅವರ ಹಗೇವು ಎಂದು ಅವನ ಬಾಯಿಂದಲೇ ಬಂತು. ನಾನು ಕುಳಿತುಬಿಟ್ಟೆ. ಬಂದ ಉತ್ತರ ಸಾಕಾದಾಗ ಮುಂದೆ ಕೇಳಬಾರದು ಎಂಬುದೂ ಅಣ್ಣಾಸಾಹೇಬರ ಪಾಠವೇ. ಪತ್ರ ತಿದ್ದಬೇಕು, ಹಗೇವುಗಳು ಮತ್ತು ಅವುಗಳ ಬಾಯಿಗೆ ಹೋಗಿ ಬರುವ ಹಕ್ಕು ಮಾವಶಿಯದು ಎಂದು ತೀರ್ಪಾಯಿತು. ಸದಾಶಿವ ತಾನೇ ಕಲ್ಲು ಇಳಿಸಿದ. ಮುಂದೆ ಬಯಲಿನ ಇನ್ನೊಂದು ಮಗ್ಗುಲಿಗೆ ಮನೆ ಕಟ್ಟಿಕೊಂಡ, ಅದರ ಕಾಗದಪತ್ರ ಮಾಡಿಸಲು ನಮ್ಮಲ್ಲಿಗೇ ಬಂದ.

ಪೇಟೆಯ ಜನ ಕೆಲವು ದಿನ ನಮ್ಮ ಮೆಟ್ಟಿಲು ತುಳಿಯಲಿಲ್ಲ, ಅದು ಸುಳ್ಳಲ್ಲ. ಆಮೇಲೆ ಒಬ್ಬೊಬ್ಬರೇ ಹಳೆಯ ಪತ್ರಗಳನ್ನು ಅರಿವೆಯಲ್ಲಿ ಸುತ್ತಿಕೊಂಡು ಬಂದರು. ತನ್ನ ತಪ್ಪನ್ನೇ ಮುಚ್ಚದವನು ನಮ್ಮ ಪತ್ರದ ತಪ್ಪನ್ನು ಮುಚ್ಚುತ್ತಾನೆಯೇ ಎಂದು ಅವರ ಲೆಕ್ಕಾಚಾರ. ಆ ಮಂತ್ರದ ಸಾಲು ನಮ್ಮ ಕಚೇರಿಯಿಂದ ಹೋಯಿತು. ಅದರ ಜಾಗದಲ್ಲಿ ಬಾವಿ ಇದ್ದರೆ ಬಾವಿ, ಗಿಡ ಇದ್ದರೆ ಗಿಡ ಎಂದು ಹೆಸರು ಹಿಡಿದು ಬರೆಯತೊಡಗಿದೆವು. ಸಂಸ್ಥಾನಗಳು ಹೋದವು, ಮೋಡಿ ಹೋಯಿತು, ಟೈಪು ಯಂತ್ರ ಬಂತು. ಈಗಿನ ಹುಡುಗರು ತೋರಿಸಲು ತರುವ ಟೈಪು ಮಾಡಿದ ಪತ್ರಗಳಲ್ಲಿ ಆ ಸಾಲು ಮತ್ತೆ ಕಾಣುತ್ತದೆ. ನನಗೆ ಸಿಟ್ಟು ಬರುತ್ತದೆ.

ಆ ವರ್ಷ ಹಗೇವು ತೆಗೆಯುವ ದಿನ ಮಾವಶಿ ನಮ್ಮಿಬ್ಬರನ್ನೂ ಹರಿಪುರಕ್ಕೆ ಕರೆಸಿದರು. ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದ್ದರು. ಕಂದೀಲು ಆರದೆ ಉರಿಯುತ್ತಿತ್ತು. ಮಿರಜಿನ ಸಾವಕಾರರು ಬಗ್ಗಿ ನೋಡುತ್ತಿದ್ದರು. ಎತ್ತುಗಳು ಹುಣಸೆ ಮರದ ಕೆಳಗಿದ್ದವು. ಮೊದಲ ಬುಟ್ಟಿ ಮೇಲೆ ಬಂದಾಗ ಮಾವಶಿ ಒಂದು ಬೊಗಸೆ ಅರಿಸಿನ ತೆಗೆದು ಅಣ್ಣಾಸಾಹೇಬರ ಕೈಗೆ ಹಾಕಿದರು.

"ನಂದೂ ತಪ್ಪೈತ್ರಿ ಸಾಹೇಬ್ರ. ಆವತ್ತು ನಾ ಬಾಯಿ ಬಿಡಬೇಕಾಗಿತ್ತು. ಕೋರ್ಟಿನ್ಯಾಗ ನೀವೊಬ್ರ ಹೊತ್ಕೊಂಡ್ರಿ."

"ನಿಮ್ಮದು ರೂಢಿ ಮಾವಶಿ, ನೀವು ನಡಸಿದ್ರಿ," ಎಂದರು ಅಣ್ಣಾಸಾಹೇಬರು. "ಹೇಳೂದು ನಿಮ್ಮ ಕೆಲಸ ಅಲ್ಲ. ಕೇಳೂದು ನನ್ನ ಕೆಲಸ ಇತ್ತು."

ಮರುದಿನ ಒಬ್ಬ ರೈತ ಹೊಲದ ಪತ್ರ ಬರೆಸಲು ಬಂದ. ಅಣ್ಣಾಸಾಹೇಬರು ಓದಿ ಹೇಳಿದರು, ಅವನು ತಿರುಗಿ ಹೇಳಿದ. ರುಜು ಹಾಕಲು ಲೇಖಣಿ ಕೊಡಬೇಕೆಂದು ನಾನು ಕೈ ಚಾಚಿದ್ದೆ. ಅಣ್ಣಾಸಾಹೇಬರು ನನ್ನ ಕೈ ತಡೆದು, ಅವರ ಬಾಯಿಂದ ನಾನು ಎಂದೂ ಕೇಳದ ಒಂದು ಪ್ರಶ್ನೆ ಕೇಳಿದರು: "ಏನು ಕೊಡತೀರಿ ಅಂಬೂದನ್ನ ಹೇಳಿದ್ರಿ. ಈಗ ಏನು ಕೊಡಂಗಿಲ್ಲ, ಅದನ್ನ ಹೇಳ್ರಿ." ರೈತ, "ಹೊಲದ ಮೂಲ್ಯಾಗ ನಮ್ಮವ್ವನ್ನ ಮಣ್ಣ ಮಾಡಿದ ಗದ್ದಗಿ ಐತ್ರಿ," ಎಂದ. ಅಣ್ಣಾಸಾಹೇಬರು ಕನ್ನಡಕ ಹಾಕಿಕೊಂಡು ಪತ್ರವನ್ನು ಮೊದಲಿನಿಂದ ಬರೆಯತೊಡಗಿದರು.